ಗುರಿ ಯಾರದು, ಸುಸ್ತು ಯಾರದು?

ಯಾವ ಊರಿನ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿ ಮುಂದೆ ನಿಂತರೂ ಈಗ ಕಣ್ಣಿಗೆ ಬೀಳುವುದು ಒಂದೇ ಜಾತಿಯ ಪುಸ್ತಕ. ಗುರಿ ಇಟ್ಟುಕೊ, ಬೆಳಿಗ್ಗೆ ಐದಕ್ಕೇ ಏಳು, ಸೋಲನ್ನು ಮೆಟ್ಟಿಲು ಮಾಡಿಕೊ, ಗೆಲ್ಲು, ಸುಖವಾಗಿರು. ಇವಕ್ಕೆ ವ್ಯಕ್ತಿತ್ವ ವಿಕಸನ ಅಂತ ಹೆಸರು. ನಮ್ಮ ಹಾಸ್ಟೆಲು ಹುಡುಗರ ಟ್ರಂಕಿನೊಳಗೂ ಇವು ಬಂದು ಕೂತಿವೆ. ಮನಸ್ಸಿನ ನೆಮ್ಮದಿ ಬೇಕಾದರೆ ದೊಡ್ಡ ಗುರಿ ಬೇಕು, ಗುರಿ ಮುಟ್ಟದಿದ್ದರೆ ತಪ್ಪು ನಿನ್ನದೇ ಅನ್ನುವುದು ಇವುಗಳ ಒಟ್ಟು ಸಾರ. ಓಡುವವನ ಬೆನ್ನ ಮೇಲೆ ಏನು ಹೇರಿದೆ, ಓಟದ ಗೆರೆ ಎಳೆದವರು ಯಾರು ಅಂತ ಯಾವ ಪುಟದಲ್ಲೂ ಕೇಳುವುದಿಲ್ಲ.

ಈ ಪುಸ್ತಕಗಳನ್ನು ಬೈಯುವುದು ಸುಲಭ. ನಮ್ಮನ್ನು ನಾವು ಕೇಳಿಕೊಳ್ಳುವುದು ಕಷ್ಟ. ನಮ್ಮ ಹುಡುಗರು ಯಾಕೆ ಇವನ್ನು ಕೊಂಡು ಓದುತ್ತಾರೆ? ಅವರ ಮನಸ್ಸಿನ ಬಗ್ಗೆ ನಾವು ಏನಾದರೂ ಬರೆದಿದ್ದೇವೆಯೆ? ಎಪ್ಪತ್ತರ ದಶಕದಲ್ಲಿ ನವ್ಯರ ಮೇಲೆ ತಿರುಗಿಬಿದ್ದಾಗ ಅವರ ಪರಕೀಯತೆ, ಅಸಂಗತತೆ, ಅನಾಥಪ್ರಜ್ಞೆ ಎಲ್ಲವನ್ನೂ ಹೊಟ್ಟೆ ತುಂಬಿದವರ ಕಾಯಿಲೆ ಅಂತ ಕರೆದೆವು. ಆವತ್ತಿಗೆ ಆ ಮಾತು ಬೇಕಿತ್ತು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದದ್ದಕ್ಕೆ ಮಂತ್ರಿಗಿರಿ ಕಳೆದುಕೊಂಡ ನಾಡಿನಲ್ಲಿ, ಹಾಸ್ಟೆಲು ಹುಡುಗರ ಮೇಲೆ ಕಲ್ಲು ಬಿದ್ದ ದಿನಗಳಲ್ಲಿ, ತನ್ನ ಒಳಗನ್ನೇ ತಾನು ಕೆದಕಿಕೊಂಡು ಕೂತ ನಾಯಕ ನಮಗೆ ನಗೆಪಾಟಲಾಗಿ ಕಂಡದ್ದು ಸಹಜ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟುವ ಹೊತ್ತಿಗೆ ನಮ್ಮ ವಿಮರ್ಶೆಯಲ್ಲಿ ಮನಸ್ಸು ಅನ್ನುವ ಪದವೇ ಅನುಮಾನದ ಪದವಾಗಿತ್ತು. ಆದರೆ ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಮನಸ್ಸನ್ನು ನವ್ಯರಿಗೆ ಬಿಟ್ಟುಕೊಟ್ಟೆವು. ನವ್ಯರು ಹೋದ ಮೇಲೆ ಆ ಜಾಗಕ್ಕೆ ವ್ಯಕ್ತಿತ್ವ ವಿಕಸನದವರು ಬಂದು ಅಂಗಡಿ ಹಾಕಿದರು.

ನವ್ಯದ ನಾಯಕನಿಗೆ ಗುರಿ ಇರಲಿಲ್ಲ, ಅದಕ್ಕೇ ನರಳಿದ. ನಮ್ಮ ಹುಡುಗನಿಗೆ ಗುರಿ ಇದೆ. ಇದ್ದೂ ನರಳುತ್ತಾನೆ. ಈ ಎರಡನೆಯ ನರಳಾಟಕ್ಕೆ ಕನ್ನಡ ವಿಮರ್ಶೆ ಇನ್ನೂ ಹೆಸರಿಟ್ಟಿಲ್ಲ.

ಮನಶ್ಶಾಸ್ತ್ರದವರು ಏನು ಹೇಳುತ್ತಾರೆ ನೋಡೋಣ. 1943ರಲ್ಲಿ ಅಮೆರಿಕದ ಅಬ್ರಹಾಂ ಮ್ಯಾಸ್ಲೊ ಮನುಷ್ಯನ ಅಗತ್ಯಗಳನ್ನು ಒಂದರ ಮೇಲೊಂದು ಜೋಡಿಸಿದ. ಮೊದಲು ಹೊಟ್ಟೆ, ಆಮೇಲೆ ಭದ್ರತೆ, ಆಮೇಲೆ ಪ್ರೀತಿ, ಆಮೇಲೆ ಮರ್ಯಾದೆ, ಕೊನೆಗೆ ತನ್ನೊಳಗಿನದು ಅರಳುವುದು. ಈ ಕ್ರಮ ಕಟ್ಟುನಿಟ್ಟಲ್ಲ ಅಂತ ಅವನೇ ಬರೆದಿದ್ದ. ಆದರೆ ಪಾಠ ಹೇಳುವವರು ಇದನ್ನು ಪಿರಮಿಡ್ಡಿನ ಚಿತ್ರ ಮಾಡಿ ಕಾಲೇಜು ಬೋರ್ಡಿನ ಮೇಲೆ ಬರೆದುಬಿಟ್ಟರು. ಆ ಚಿತ್ರ ನೋಡಿದವರಿಗೆ ಅನ್ನಿಸುವುದು ಇಷ್ಟೆ: ಹಸಿದವನಿಗೆ ಅನ್ನ ಸಾಕು, ಮರ್ಯಾದೆ ಗಿರ್ಯಾದೆ ಎಲ್ಲ ಆಮೇಲೆ. ನಮ್ಮ ಊರ ಗೌಡನೂ ಇದನ್ನೇ ಹೇಳುತ್ತಿದ್ದ. ಹೊಟ್ಟೆಗೆ ಹಾಕ್ತೀನಲ್ಲ, ಇನ್ನೇನಲಾ ಬೇಕು ನಿಂಗೆ?

ಇದಕ್ಕೆ ಉತ್ತರ ನಮ್ಮ ಸಾಹಿತ್ಯದಲ್ಲೇ ಇದೆ. ದೇವನೂರ ಮಹಾದೇವರ ‘ಒಡಲಾಳ’ವನ್ನು ನಾವು ಹಸಿವಿನ ಕತೆ ಅಂತಲೇ ಓದಿಕೊಂಡು ಬಂದೆವು. ಹುಂಜ ಕಳೆದುಕೊಂಡು ಅಲೆಯುವ ಸಾಕವ್ವ, ಕದ್ದು ತಂದ ಕಡಲೇಕಾಯಿಯನ್ನು ಮನೆಮಂದಿಯೆಲ್ಲ ಸುತ್ತ ಕೂತು ತಿನ್ನುವ ರಾತ್ರಿ, ಆಮೇಲೆ ಬಾಗಿಲಿಗೆ ಬರುವ ಪೊಲೀಸರು. ಆದರೆ ಆ ಮನೆಯ ಗೋಡೆ ಮೇಲೆ ಪುಟ್ಟಗೌರಿ ಒಂದು ನವಿಲು ಬರೆಯುತ್ತಾಳೆ. ಹೊಟ್ಟೆ ತುಂಬಿದ ಮೇಲೆ ಬರೆಯುತ್ತೀನಿ ಅಂತ ಆಕೆ ಕಾಯಲಿಲ್ಲ. ಆ ಗುಡಿಸಲಿನೊಳಗೆ ಹಸಿವು, ನಗು, ಜಗಳ, ಕಳ್ಳತನ, ಚಿತ್ರ ಎಲ್ಲ ಒಟ್ಟಿಗೇ ಇವೆ. ಬೋರ್ಡಿನ ಪಿರಮಿಡ್ಡನ್ನು ಈ ನವಿಲು ಒಂದೇ ಸಲಕ್ಕೆ ಬೀಳಿಸುತ್ತದೆ. ಉಣ್ಣಲು ಇಲ್ಲದವರಿಗೂ ಆಸೆ ಇರುತ್ತದೆ, ಅದು ಅನ್ನದ ಆಸೆ ಮಾತ್ರ ಆಗಿರುವುದಿಲ್ಲ ಅಂತ ಸಿದ್ಧಾಂತದ ಸಹಾಯವಿಲ್ಲದೆ ದೇವನೂರು ಹೇಳಿಬಿಟ್ಟರು. ನಮ್ಮ ವಿಮರ್ಶೆ ಕಡಲೇಕಾಯಿ ಎಣಿಸುವುದರಲ್ಲಿ ನವಿಲನ್ನು ಸರಿಯಾಗಿ ನೋಡಲಿಲ್ಲ.

ಸರಿ, ಆಸೆ ಇದೆ, ಗುರಿಯೂ ಇದೆ. ಗುರಿಯ ಹಿಂದೆ ಬಿದ್ದವನಿಗೆ ಏನಾಗುತ್ತದೆ? ಇದಕ್ಕೆ ನಮಗೆ ನೆಂಟರಾದ ಇನ್ನೊಂದು ಜನದ ಕತೆ ಕೇಳಬೇಕು. 1972ರಲ್ಲಿ ಮುಂಬಯಿಯ ದಲಿತ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದು ಅಮೆರಿಕದ ಕರಿಯರನ್ನು ನೋಡಿ. ಆ ಕರಿಯರ ಹಾಡುಗಳಲ್ಲಿ ಜಾನ್ ಹೆನ್ರಿ ಅಂತ ಒಬ್ಬ ಇದ್ದಾನೆ. ರೈಲು ಸುರಂಗಕ್ಕೆ ಸುತ್ತಿಗೆಯಿಂದ ಬಂಡೆ ಕೊರೆಯುವವನು. ಕಂಪನಿಯವರು ಹಬೆಯ ಯಂತ್ರ ತಂದಾಗ ಅದರ ಜೊತೆ ಪಂದ್ಯ ಕಟ್ಟಿ, ಯಂತ್ರವನ್ನು ಸೋಲಿಸಿ, ಸುತ್ತಿಗೆ ಕೈಯಲ್ಲಿ ಹಿಡಿದೇ ಸತ್ತುಹೋದನಂತೆ.

ಉತ್ತರ ಕ್ಯಾರೊಲಿನಾ ಸೀಮೆಯಲ್ಲಿ ರಕ್ತದೊತ್ತಡದ ಬಗ್ಗೆ ಅಧ್ಯಯನ ಮಾಡುತ್ತಿದ್ದ ಶೆರ್ಮನ್ ಜೇಮ್ಸ್ ಅನ್ನುವ ಕರಿಯ ವಿಜ್ಞಾನಿಗೆ ಒಬ್ಬ ಮುದುಕ ರೈತ ಸಿಕ್ಕಿದ. 1907ರಲ್ಲಿ ಕಡುಬಡತನದಲ್ಲಿ ಹುಟ್ಟಿದವನು. ಪಾಲಿಗೆ ಉಳುವವರ ಮನೆಯ ಮಗ. ತಾನಾಗಿ ಓದುಬರಹ ಕಲಿತು, 75 ಎಕರೆ ನೆಲ ಕೊಂಡು, 40 ವರ್ಷದಲ್ಲಿ ತೀರಿಸಬೇಕಾದ ಸಾಲವನ್ನು 5 ವರ್ಷದಲ್ಲಿ ತೀರಿಸಿಬಿಟ್ಟಿದ್ದ. ವ್ಯಕ್ತಿತ್ವ ವಿಕಸನದವರು ಕೇಳಿದರೆ ಕುಣಿದಾಡುತ್ತಾರೆ. ಆದರೆ ಅರವತ್ತು ತುಂಬುವುದರೊಳಗೆ ಅವನಿಗೆ ಏರಿದ ರಕ್ತದೊತ್ತಡ, ಕೀಲುನೋವು, ಹೊಟ್ಟೆಹುಣ್ಣು. ಹುಣ್ಣು ಎಷ್ಟಾಗಿತ್ತೆಂದರೆ ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯಬೇಕಾಯಿತು. ಅವನ ಹೆಸರೂ ಜಾನ್ ಹೆನ್ರಿ, ಜಾನ್ ಹೆನ್ರಿ ಮಾರ್ಟಿನ್. 1983ರಲ್ಲಿ ಜೇಮ್ಸ್ ತನ್ನ ಸಂಶೋಧನೆಯನ್ನು ಪ್ರಕಟಿಸುವಾಗ ಈ ಬಗೆಯ ಬದುಕಿಗೆ ಜಾನ್ ಹೆನ್ರಿತನ ಅಂತ ಹೆಸರು ಕೊಟ್ಟ. ಕೈಯಲ್ಲಿ ಆಸ್ತಿ, ಓದು, ಬೆಂಬಲ ಯಾವುದೂ ಇಲ್ಲದೆ, ಎದುರಿಗೆ ಬೆಟ್ಟದಂಥ ಅಡ್ಡಿ ಇಟ್ಟುಕೊಂಡು, ಹಟ ಒಂದನ್ನೇ ನಂಬಿ ವರ್ಷಗಟ್ಟಲೆ ಹೆಣಗುವವರ ಮೈ ಅದಕ್ಕೆ ಬೆಲೆ ತೆರುತ್ತದೆ ಅನ್ನುವುದು ಅವನ ಮಾತು. ಆಮೇಲೆ ನಡೆದ ಎಲ್ಲ ಅಧ್ಯಯನಗಳಲ್ಲೂ ಇದೇ ಫಲ ಬಂದಿಲ್ಲ, ಅದನ್ನೂ ಹೇಳಬೇಕು. ಆದರೆ ಆತ ಎತ್ತಿದ ಪ್ರಶ್ನೆ ಗಟ್ಟಿ: ಒಂದೇ ಹಟ, ಇದ್ದವನಿಗೆ ಏಣಿ ಆಗಿ, ಇಲ್ಲದವನಿಗೆ ಹುಣ್ಣು ಆಗುವುದು ಯಾಕೆ?

ಈ ಕತೆ ಓದಿದಾಗ ನನಗೆ ನೆನಪಾದದ್ದು ನಮ್ಮ ಮೊದಲ ತಲೆಮಾರಿನ ಗುಮಾಸ್ತರು, ಮೇಷ್ಟ್ರುಗಳು. ಆಫೀಸಿನಲ್ಲಿ ಒಂದು ತಪ್ಪೂ ಆಗಬಾರದು ಅಂತ ಇಬ್ಬರ ಕೆಲಸ ಒಬ್ಬರೇ ಮಾಡಿದರು. ಯಾಕೆಂದರೆ ಬೇರೆಯವರು ತಪ್ಪು ಮಾಡಿದರೆ ಅದು ಒಬ್ಬನ ತಪ್ಪು. ಇವರು ಮಾಡಿದರೆ ಇಡೀ ಕೇರಿಯ ತಪ್ಪು, ಮೀಸಲಾತಿಯ ತಪ್ಪು. ಅರವಿಂದ ಮಾಲಗತ್ತಿಯವರು 1994ರಲ್ಲಿ ತಮ್ಮ ಆತ್ಮಕಥನಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ ಅಂತ ಹೆಸರಿಟ್ಟಾಗ ಮಾಡಿದ್ದು ಇದನ್ನೇ. ಚುಚ್ಚುಮಾತನ್ನೇ ಎತ್ತಿ ಮುಖಪುಟಕ್ಕೆ ಹಾಕಿದರು. ಪುಸ್ತಕ ಬಿಡಿಬಿಡಿ ಪ್ರಸಂಗಗಳಲ್ಲಿ ನಡೆಯುತ್ತದೆ. ಹೀಗೆ ಹತ್ತಿದೆ, ಹೀಗೆ ಗೆದ್ದೆ ಅನ್ನುವ ಕ್ರಮ ಅಲ್ಲಿಲ್ಲ. ಅದು ಬರವಣಿಗೆಯ ಕೊರತೆ ಅಂತ ತಿಳಿಯಬಾರದು. ಓದಿ ಕೆಲಸ ಹಿಡಿದು ಮೇಲೆ ಬಂದ ಮೇಲೂ ಅದೇ ಅವಮಾನ ಬೇರೆ ಬಟ್ಟೆ ಹಾಕಿಕೊಂಡು ಎದುರಿಗೆ ನಿಂತಿದ್ದರೆ ಏಣಿಯ ಕತೆ ಬರೆಯುವುದು ಹೇಗೆ?

ಅದೇ ಕಾಲದ ಇನ್ನೊಂದು ಪುಸ್ತಕ ಸಿದ್ಧಲಿಂಗಯ್ಯನವರ ‘ಊರು ಕೇರಿ’. 1996ರಲ್ಲಿ ಬಂತು. ಎತ್ತಿನ ಬದಲಿಗೆ ಇಬ್ಬರು ಮನುಷ್ಯರನ್ನು ನೊಗಕ್ಕೆ ಹೂಡಿ ಹೊಲ ಉಳುತ್ತಿರುತ್ತಾರೆ. ಅವರಲ್ಲಿ ಒಬ್ಬ ನೋಡುತ್ತಿರುವ ಹುಡುಗನ ಅಪ್ಪ. ಬೇರೆ ಯಾರಾದರೂ ಬರೆದಿದ್ದರೆ ಅಲ್ಲೊಂದು ಪ್ರತಿಜ್ಞೆ ಇರುತ್ತಿತ್ತು. ಆವತ್ತೇ ಗುರಿ ಇಟ್ಟುಕೊಂಡೆ, ಇವತ್ತು ಇಲ್ಲಿದ್ದೇನೆ ಅಂತ. ಸಿದ್ಧಲಿಂಗಯ್ಯ ಪ್ರತಿಜ್ಞೆ ಮಾಡುವುದಿಲ್ಲ. ನೋವನ್ನು ಅಲ್ಲೇ ಇಟ್ಟು ಮುಂದಕ್ಕೆ ಹೋಗುತ್ತಾರೆ. ಮುಂದೆಲ್ಲ ಜನ, ಜನ, ಜನ. ಗೆಳೆಯರು, ಹಾಸ್ಟೆಲಿನ ಹುಡುಗರು, ಶ್ರೀರಾಮಪುರದ ಬೀದಿಯವರು. ಸ್ಮಶಾನದಲ್ಲಿ ಕೂತರೂ ಅಲ್ಲೊಂದು ನಗು. ಈ ನಗು ಸಿಟ್ಟನ್ನು ತೆಳು ಮಾಡಿತು ಅಂತ ನಮ್ಮೊಳಗೇ ಗೊಣಗಾಟ ಇತ್ತು. ‘ಹೊಲೆಮಾದಿಗರ ಹಾಡು’ ಬರೆದ ಕೈಯಾ ಇದು ಅಂದವರಿದ್ದರು. ಡಿ.ಆರ್. ನಾಗರಾಜ್ ಅವರು ಈ ನಗುವನ್ನೇ ಬಡವರ ಶಕ್ತಿಯಾಗಿ ಓದಿದರು. ನನಗೆ ಅದಕ್ಕೂ ಒಂದು ಮಾತು ಸೇರಿಸಬೇಕು ಅನ್ನಿಸುತ್ತದೆ. ಆ ನಗು ಒಬ್ಬರಿಂದ ಆಗುವಂಥದ್ದಲ್ಲ. ಪಕ್ಕದಲ್ಲಿ ಇನ್ನೊಬ್ಬ ಇದ್ದರೆ ಮಾತ್ರ ಅದು ಹುಟ್ಟುತ್ತದೆ. ಊರು ಕೇರಿಯ ಹುಡುಗನಿಗೆ ಗುರಿಗಿಂತ ಮುಂಚೆ ಜೊತೆ ಸಿಕ್ಕಿತ್ತು. ಹಾಡು ಬರೆದರೆ ಮೆರವಣಿಗೆಯಲ್ಲಿ ಹಾಡುವವರು ಸಿಕ್ಕರು. ಅವನನ್ನು ಕಾಪಾಡಿದ್ದು ಆ ಜೊತೆ.

ಮನಶ್ಶಾಸ್ತ್ರದವರೂ ತಡವಾಗಿ ಇಲ್ಲಿಗೇ ಬಂದಿದ್ದಾರೆ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅನ್ನುವ ಇಬ್ಬರು ಹೇಳುವ ಪ್ರಕಾರ ಮನಸ್ಸು ಆರೋಗ್ಯವಾಗಿರಲು ಮೂರು ಬೇಕು. ಮಾಡುವ ಕೆಲಸ ತನ್ನ ಇಚ್ಛೆಯದು ಅನ್ನಿಸಬೇಕು, ತನ್ನ ಕೈಲಿ ಆಗುತ್ತದೆ ಅನ್ನಿಸಬೇಕು, ತನ್ನವರು ಇದ್ದಾರೆ ಅನ್ನಿಸಬೇಕು. ಈ ಮೂರನ್ನು ನಮ್ಮ ಊರ ವ್ಯವಸ್ಥೆಯ ಪಕ್ಕ ಇಟ್ಟು ನೋಡಿ. ಇಚ್ಛೆ ಇಲ್ಲ, ಕಸುಬು ಹುಟ್ಟಿನಿಂದಲೇ ಬಂತು. ಕೈಲಿ ಆಗುವುದಿಲ್ಲ, ನಿನಗೆ ವಿದ್ಯೆ ಹತ್ತುವುದಿಲ್ಲ ಅಂದರು. ತನ್ನವರಿಲ್ಲ, ಊರ ಹೊರಗಿಟ್ಟರು. ಮನಸ್ಸಿಗೆ ಬೇಕಾದ ಮೂರನ್ನೂ ಗುರಿಯಿಟ್ಟು ಹೊಡೆದ ವ್ಯವಸ್ಥೆ ಜಾತಿ. ಅದು ಹೊಟ್ಟೆಗೆ ಮಾತ್ರ ಹೊಡೆಯಿತು ಅಂತ ನಾವು ಬರೆದದ್ದು ಅರ್ಧ ಸತ್ಯ.

ಆದರೆ ಅವರ ಶಾಸ್ತ್ರವನ್ನೂ ಕಣ್ಣುಮುಚ್ಚಿ ನುಂಗಬೇಕಾಗಿಲ್ಲ. 1993ರಲ್ಲಿ ಟಿಮ್ ಕ್ಯಾಸರ್ ಮತ್ತು ಅದೇ ರಯಾನ್ ಒಂದು ಅಧ್ಯಯನ ಪ್ರಕಟಿಸಿದರು. ಬೇರೆಲ್ಲ ಗುರಿಗಳಿಗಿಂತ ಹಣದ ಗೆಲುವನ್ನೇ ಮುಂದಿಟ್ಟುಕೊಂಡವರಲ್ಲಿ ನೆಮ್ಮದಿ ಕಡಿಮೆ ಇತ್ತು ಅಂದರು. ಅಮೆರಿಕಕ್ಕೆ ಸರಿ ಇರಬಹುದು. ಕೂಲಿಮನೆಯ ಹುಡುಗಿ ಒಬ್ಬಳು ನನಗೆ ಸಂಬಳದ ಕೆಲಸ ಬೇಕು ಅಂದರೆ ಅದನ್ನು ಹಣದಾಸೆಯ ಖಾನೆಗೆ ಹಾಕಿಬಿಡುವುದೆ? ಆ ಸಂಬಳದಲ್ಲಿ ಅವಳ ಅವ್ವ ಇನ್ನೊಬ್ಬರ ಹೊಲದಿಂದ ಈಚೆ ಬರುತ್ತಾಳೆ, ತಂಗಿಯ ಸ್ಕೂಲು ನಿಲ್ಲುವುದಿಲ್ಲ. ನಮ್ಮಲ್ಲಿ ನೌಕರಿ ಅನ್ನುವ ಮಾತಿನೊಳಗೆ ಬಿಡುಗಡೆ ಅನ್ನುವ ಮಾತು ಅಡಗಿದೆ. ಪ್ರಶ್ನಾವಳಿ ಹಿಡಿದು ಬರುವವರಿಗೆ ಅದು ಕಾಣುವುದಿಲ್ಲ.

ಇದೇ ಮಾತಿನಲ್ಲಿ ಅಪಾಯವೂ ಇದೆ. ಒಂದು ಮನೆಯ ಬಿಡುಗಡೆ, ಒಂದು ಕೇರಿಯ ಮರ್ಯಾದೆ, ಮೂರು ತಲೆಮಾರಿನ ಸೇಡು ಎಲ್ಲವನ್ನೂ ಹದಿನೆಂಟು ವರ್ಷದ ಒಂದು ಜೀವದ ಹೆಗಲ ಮೇಲೆ ಇಟ್ಟುಬಿಡುತ್ತೇವೆ. ಓದ್ಕೊ ಮಗಾ, ನಿನ್ನೇ ನಂಬ್ಕೊಂಡೀವಿ ಅಂತೀವಿ. ಅದು ಪ್ರೀತಿಯ ಮಾತೇ. ಆದರೆ ಪರೀಕ್ಷೆ ಕೈಕೊಟ್ಟ ರಾತ್ರಿ ಆ ಮಾತೇ ಅವನ ಎದೆಯ ಮೇಲೆ ಕೂರುತ್ತದೆ. ಊರಿಗೆ ಹೋಗಿ ಮುಖ ತೋರಿಸುವುದು ಹೇಗೆ ಅಂತ ಹಾಸ್ಟೆಲಿನಲ್ಲೇ ಉಳಿದುಕೊಳ್ಳುತ್ತಾನೆ. ಇನ್ನೊಂದು ಕಡೆ, ಅವನು ಹೋಗಿ ಸೇರಿದ ದೊಡ್ಡ ವಿದ್ಯಾಸಂಸ್ಥೆ ಅವನನ್ನು ಒಂದೊಂದು ದಿನವೂ ತೂಗುತ್ತಿರುತ್ತದೆ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಏನಾಗುತ್ತಿದೆ ಅಂತ ನೋಡಿದ ಸುಖದೇವ್ ಥೋರಟ್ ಸಮಿತಿ 2007ರಲ್ಲೇ ತಾರತಮ್ಯ ಇದೆ ಅಂತ ವರದಿ ಕೊಟ್ಟಿತು.

2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಜೀವ ಬಿಟ್ಟ. ಅವನಿಗೆ ಗುರಿ ಇರಲಿಲ್ಲ ಅಂತ ಯಾರು ಹೇಳಬಲ್ಲರು? ಕಾರ್ಲ್ ಸೇಗನ್‌ನಂತೆ ವಿಜ್ಞಾನದ ಲೇಖಕನಾಗಬೇಕು ಅಂದುಕೊಂಡಿದ್ದ, ನಕ್ಷತ್ರಗಳನ್ನು ಪ್ರೀತಿಸಿದ್ದ. ಏಳು ತಿಂಗಳ ಫೆಲೋಶಿಪ್ ಹಣ ಅವನಿಗೆ ಬರಬೇಕಾಗಿತ್ತು. ನಾಲ್ವರು ಗೆಳೆಯರ ಜೊತೆ ಹಾಸ್ಟೆಲಿನಿಂದ ಹೊರಹಾಕಿಸಿಕೊಂಡು ಬಯಲಿನಲ್ಲಿ ಮಲಗಿದ್ದ. ಮನುಷ್ಯನನ್ನು ಅವನ ಮನಸ್ಸಿನಿಂದ ಅಳೆಯದೆ ಒಂದು ಗುರುತಿಗೆ, ಒಂದು ಓಟಿಗೆ, ಒಂದು ಅಂಕಿಗೆ ಇಳಿಸಿಬಿಟ್ಟಿದ್ದಾರೆ ಅನ್ನುವ ಅರ್ಥದ ಮಾತನ್ನು ಅವನು ಬರೆದಿಟ್ಟು ಹೋದ. ಅವನ ಹೆಸರಿನಲ್ಲಿ ನಾವು ಮೆರವಣಿಗೆ ಮಾಡಿದೆವು. ಮಾಡಲೇಬೇಕಿತ್ತು. ಆದರೆ ಮೆರವಣಿಗೆ ಮುಗಿದ ಮೇಲೆ ಹಾಸ್ಟೆಲಿನ ಕೋಣೆಯಲ್ಲಿ ಒಬ್ಬನೇ ಕೂತ ಇನ್ನೊಬ್ಬನ ಬಾಗಿಲು ತಟ್ಟಿದವರು ನಮ್ಮಲ್ಲಿ ಎಷ್ಟು ಜನ?

ಈಗ ಒಂದು ಕಷ್ಟದ ಪ್ರಶ್ನೆ. ಮುಟ್ಟಲಾಗದ ಗುರಿಯನ್ನು ಬಿಟ್ಟು ಬೇರೆ ಗುರಿ ಹಿಡಿದವರ ಮನಸ್ಸು ಹಗುರಾಗುತ್ತದೆ ಅಂತ ಕಾರ್ಸ್ಟನ್ ರಾಶ್ ಮತ್ತು ಸಂಗಡಿಗರು 2003ರಲ್ಲಿ ಬರೆದರು. ಕೇಳಿದ ತಕ್ಷಣ ನಮಗೆ ಮೈ ಉರಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನೇ ಇವರು ಇಂಗ್ಲಿಷಿನಲ್ಲಿ ಹೇಳಿದರಲ್ಲ ಅನ್ನಿಸುತ್ತದೆ. ಹಾಸಿಗೆ ಚಿಕ್ಕದು ಮಾಡಿದವರು ಯಾರು ಅಂತ ಕೇಳಲಿಕ್ಕೇ ಅಲ್ಲವೆ ನಾವು ಚಳವಳಿಗೆ ಬಂದದ್ದು? ಕರ್ಮ, ಹಣೆಬರಹ ಎಲ್ಲ ಸಾವಿರಾರು ವರ್ಷ ಇದನ್ನೇ ಹೇಳಿದವು. ಆದರೆ ಸಮಾಧಾನವಾಗಿ ಓದಿದರೆ ಅವರ ಮಾತಿನಲ್ಲಿ ಎರಡು ತುಂಡು ಇವೆ, ಬಿಡುವುದು ಮತ್ತು ಹಿಡಿಯುವುದು. ಕರ್ಮದವರು ಬಿಡು ಅಂತ ಮಾತ್ರ ಹೇಳಿದರು. ಹಿಡಿಯುವುದರ ಬಗ್ಗೆ ಬಾಬಾಸಾಹೇಬರನ್ನು ನೋಡಬೇಕು.

1917ರಲ್ಲಿ ಅಂಬೇಡ್ಕರ್ ವಿದೇಶದ ಓದಿನಿಂದ ಮರಳಿ ಬರೋಡೆಗೆ ಕೆಲಸಕ್ಕೆ ಬಂದರು. ಇರಲಿಕ್ಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಹೆಸರು ಮುಚ್ಚಿಟ್ಟುಕೊಂಡು ಇದ್ದವರನ್ನು ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಎಷ್ಟೋ ವರ್ಷದ ಮೇಲೆ ಇದನ್ನು ಬರೆಯುವಾಗ, ನೆನೆದರೆ ಇವತ್ತಿಗೂ ಕಣ್ಣೀರು ಬರುತ್ತದೆ ಅಂತ ಅವರೇ ಹೇಳಿಕೊಂಡಿದ್ದಾರೆ. ನಮ್ಮ ವಿಗ್ರಹಗಳಲ್ಲಿ ಬೆರಳು ಎತ್ತಿ ನಿಂತ ಅಂಬೇಡ್ಕರ್ ಇದ್ದಾರೆ. ಅತ್ತ ಅಂಬೇಡ್ಕರ್ ಎಲ್ಲೂ ಇಲ್ಲ. ಬರೋಡೆಯ ನೌಕರಿ ಬಿಟ್ಟುಹೋಯಿತು. ಆದರೆ ಓದಿನ ಗುರಿ ಬಿಡಲಿಲ್ಲ. ಮತ್ತೆ ಲಂಡನ್ನಿಗೆ ಹೋಗಿ 1923ರಲ್ಲಿ ಡಿ.ಎಸ್‌ಸಿ. ಪಡೆದರು. ನಡುವೆ 1920ರಲ್ಲಿ ‘ಮೂಕನಾಯಕ’ ತೆಗೆದರು, 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು, 1927ರಲ್ಲಿ ಮಹಾಡಿನ ಕೆರೆಗೆ ಇಳಿದರು. ಒಬ್ಬನಿಗೆ ಸಿಗದ ಕೋಣೆಯ ಪ್ರಶ್ನೆ ಸಾವಿರಾರು ಜನರ ನೀರಿನ ಪ್ರಶ್ನೆಯಾಯಿತು. ಗುರಿ ಚಿಕ್ಕದಾಗಲಿಲ್ಲ. ಅದನ್ನು ಹೊರುವವರು ಹೆಚ್ಚಾದರು.

ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಒಂದು ಬದಲಾವಣೆ ಇದೆ. ಮುದುಕ, ರೋಗಿ, ಹೆಣ ನೋಡಿ ಸಿದ್ಧಾರ್ಥ ಮನೆಬಿಟ್ಟ ಅನ್ನುವ ಹಳೆಯ ಕತೆಯನ್ನು ಅಂಬೇಡ್ಕರ್ ಒಪ್ಪಲಿಲ್ಲ. ಅವರ ಸಿದ್ಧಾರ್ಥ ಮನೆಬಿಡುವುದು ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಎದ್ದ ಜಗಳದಿಂದ. ಮಹಾಡಿನ ನೀರು ಕುಡಿದವರೇ ಹೀಗೆ ಬರೆಯಲು ಸಾಧ್ಯ. ಒಬ್ಬನ ಮನಸ್ಸಿನ ದುಃಖಕ್ಕೂ ಊರ ನೀರಿನ ಜಗಳಕ್ಕೂ ಇರುವ ನಂಟನ್ನು ಇಷ್ಟು ನೇರವಾಗಿ ಹೇಳಿದ ಪುಸ್ತಕ ಇನ್ನೊಂದನ್ನು ನಾನು ಕಂಡಿಲ್ಲ.

ಹಾಗಾದರೆ ನಾವು ಮಾಡಬೇಕಾದ್ದೇನು? ಗುರಿ ಇಟ್ಟುಕೊಳ್ಳಬೇಡಿ ಅಂತ ನಮ್ಮ ಮಕ್ಕಳಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ದೊಡ್ಡ ಗುರಿಯನ್ನೇ ಇಟ್ಟುಕೊಳ್ಳಲಿ. ಆದರೆ ಅದನ್ನು ಒಬ್ಬರೇ ಹೊರಬೇಕಾಗಿಲ್ಲ ಅಂತ ತಿಳಿಸಬೇಕು. ಹಾಸ್ಟೆಲುಗಳಿಗೆ ಹೋಗಿ ಗೆದ್ದ ಕತೆ ಹೇಳುವ ನಮ್ಮ ಅಧಿಕಾರಿಗಳು, ಪ್ರೊಫೆಸರುಗಳು ತಾವು ಫೇಲಾದ ವರ್ಷದ ಕತೆಯನ್ನೂ ಹೇಳಲಿ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅನ್ನುವವನಿಗೆ ನಿನಗೆ ಬದ್ಧತೆ ಸಾಲದು ಅಂತ ಭಾಷಣ ಮಾಡುವುದನ್ನು ನಿಲ್ಲಿಸೋಣ. ಅದು ಕಾಯಿಲೆಯೂ ಆಗಿರಬಹುದು, ಅದಕ್ಕೆ ಮದ್ದಿದೆ. ಎಂಬತ್ತರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ ಮೇಲೆ, 1996ರಿಂದ ದೇಶದ ಜಿಲ್ಲೆಗಳಿಗೆ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2022ರಿಂದ 14416ಕ್ಕೆ ಫೋನು ಮಾಡಿದರೂ ಮಾತಾಡುವವರಿದ್ದಾರೆ. ಆಸ್ಪತ್ರೆಗೆ ಹೋಗುವುದು ಚಳವಳಿಯಿಂದ ಓಡಿಹೋಗುವುದಲ್ಲ. ಹಾಗೇ ಮಾತ್ರೆ ಕೊಟ್ಟುಬಿಟ್ಟರೆ ಜಾತಿ ವಾಸಿಯಾಗುವುದೂ ಇಲ್ಲ. ಎರಡು ಕೆಲಸವನ್ನೂ ಮಾಡಬೇಕು.

ನಮ್ಮ ವಿಮರ್ಶಕರಿಗೂ ಒಂದು ಕೆಲಸ ಇದೆ. ಹೊಸ ಹುಡುಗ ಹುಡುಗಿಯರು ತಮ್ಮ ಭಯ, ಒಂಟಿತನ, ಸುಸ್ತು ಬರೆದು ತಂದಾಗ ಇದು ಮಧ್ಯಮವರ್ಗದ್ದು, ನವ್ಯದ್ದು ಅಂತ ಪಕ್ಕಕ್ಕೆ ಎಸೆಯಬೇಡಿ. ಸುಸ್ತಿಗೂ ಜಾತಿ ಇದೆ, ಚರಿತ್ರೆ ಇದೆ. ಸುತ್ತಿಗೆ ಹಿಡಿದೇ ಸತ್ತ ಜಾನ್ ಹೆನ್ರಿಗಾಗಿ ಹಾಡು ಕಟ್ಟಿದ್ದು ಸಾಕು. ಅವನ ಕೈಯಿಂದ ಸುತ್ತಿಗೆ ಇಸಕೊಂಡು, ಸ್ವಲ್ಪ ಕೂತ್ಕೊಳಪ್ಪ, ನಾನು ಹೊಡೀತೀನಿ ಅನ್ನುವವರು ನಾವಾಗಬೇಕು.